ಆಟದ ಹೊನ್ನು

ದುಡಿಮೆ ಬೇರೆ, ಆಟ ಬೇರೆ ಎಂಬುದು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದಿರುವ ಮಾತು. ಆಡುವ ಹೊತ್ತಿನಲ್ಲಿ ಆಡಬೇಕು, ದುಡಿಯುವ ಹೊತ್ತಿನಲ್ಲಿ ದುಡಿಯಬೇಕು. ಎರಡನ್ನೂ ಬೆರೆಸಿದವನಿಗೆ ಎರಡೂ ದಕ್ಕವು ಎಂದು ಹಿರಿಯರು ಹೇಳುತ್ತಿದ್ದರು. ಕಳೆದ ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ಹುಟ್ಟಿ ಬೆಳೆದಿರುವ ಒಂದು ಬಗೆಯ ಆಟ ಈ ಗೆರೆಯನ್ನು ಬಹುಮಟ್ಟಿಗೆ ಅಳಿಸಿಹಾಕಿದೆ. ಅಲ್ಲಿ ಆಡುವುದೆಂದರೇ ದುಡಿಯುವುದು. ಆಟಗಾರನು ಮರ ಕಡಿಯುತ್ತಾನೆ, ಮೀನು ಹಿಡಿಯುತ್ತಾನೆ, ಅದಿರು ತೋಡುತ್ತಾನೆ, ನಾರು ನೂಲುತ್ತಾನೆ, ಸಂತೆಗೆ ಹೋಗಿ ಮಾರುತ್ತಾನೆ, ಬಂದ ನಾಣ್ಯವನ್ನು ಎಣಿಸಿ ಬ್ಯಾಂಕಿನಲ್ಲಿಡುತ್ತಾನೆ. ಇವುಗಳಲ್ಲಿ ಒಂದಾದರೂ ಕೈಗೆ ಸಿಕ್ಕುವ ವಸ್ತುವಲ್ಲ. ಎಲ್ಲವೂ ಕಂಪ್ಯೂಟರಿನ ಪರದೆಯ ಮೇಲಿನ ಚಿತ್ರ. ಹಾಗಿದ್ದರೂ ಆ ನಾಣ್ಯವನ್ನು ಸಂಪಾದಿಸುವುದಕ್ಕಾಗಿ ಹಗಲು ರಾತ್ರಿ ಕುಳಿತವರುಂಟು. ಅದನ್ನು ನಿಜವಾದ ಹಣ ತೆತ್ತು ಕೊಂಡವರುಂಟು. ಅದನ್ನು ಮಾರಿ ಮನೆಮಂದಿಗೆ ಅನ್ನ ಹಾಕಿದವರೂ ಉಂಟು. ಈ ಆಟದ ಹೊನ್ನು ಹುಟ್ಟುವುದು ಹೇಗೆ, ಬತ್ತುವುದು ಹೇಗೆ, ಅದಕ್ಕೆ ಬೆಲೆ ಬರುವುದು ಎಲ್ಲಿಂದ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲೇ ಒಂದು ಸಂಗತಿಯನ್ನು ಸ್ಪಷ್ಟಪಡಿಸಿಬಿಡುವುದು ಒಳ್ಳೆಯದು. ನಾನು ಹೇಳಹೊರಟಿರುವುದು ಹಣ ಒಡ್ಡಿ ಆಡುವ ಇಸ್ಪೀಟಿನಂಥ ಆಟಗಳ ವಿಷಯವಲ್ಲ. ಹಾಗೆ ಹಣವನ್ನು ಪಣವಾಗಿಟ್ಟು ಅಂತರ್ಜಾಲದಲ್ಲಿ ಆಡುವ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆ ಚರ್ಚೆ ಬೇರೆ. ನನ್ನ ವಿಷಯ ಪಾತ್ರ ವಹಿಸಿ ಆಡುವ ಆಟ. ನಾಟಕದಲ್ಲಿ ವೇಷ ಕಟ್ಟುವಂತೆ ಇಲ್ಲಿಯೂ ಒಬ್ಬೊಬ್ಬನು ಒಂದೊಂದು ವೇಷ ಕಟ್ಟಿ, ಯೋಧನಾಗಿಯೋ ಮಾಂತ್ರಿಕನಾಗಿಯೋ ಬೆಸ್ತನಾಗಿಯೋ ಒಂದು ಕಲ್ಪಿತ ದೇಶಕ್ಕೆ ಇಳಿಯುತ್ತಾನೆ. ಆ ದೇಶದಲ್ಲಿ ಅವನೊಬ್ಬನೇ ಇರುವುದಿಲ್ಲ. ಬೇರೆ ಬೇರೆ ಖಂಡಗಳಲ್ಲಿ ಕುಳಿತ ಸಾವಿರಾರು ಜನ ಅದೇ ಗಳಿಗೆಯಲ್ಲಿ ಅದೇ ಬೀದಿಯಲ್ಲಿ ಓಡಾಡುತ್ತಿರುತ್ತಾರೆ. ನೀವು ಯಂತ್ರವನ್ನು ಆರಿಸಿ ಮಲಗಿದರೂ ಆ ಊರು ಮಲಗುವುದಿಲ್ಲ. ಅಲ್ಲಿಯ ವ್ಯಾಪಾರ ನಿಲ್ಲುವುದಿಲ್ಲ. ಬೆಳಗಾಗುವಷ್ಟರಲ್ಲಿ ನಿಮ್ಮ ಸರಕಿನ ಬೆಲೆ ಏರಿರಬಹುದು, ಇಳಿದಿರಲೂಬಹುದು.

ಮಾತು ಗಾಳಿಯಲ್ಲಿ ತೇಲದಿರಲೆಂದು ಮುಖ್ಯವಾಗಿ ಒಂದೇ ಆಟವನ್ನು ಹಿಡಿದು ಹೇಳುತ್ತೇನೆ. ಅದರ ಹೆಸರು ರೂನ್‌ಸ್ಕೇಪ್. ಇಂಗ್ಲೆಂಡಿನ ಆಂಡ್ರೂ ಗವರ್ ಮತ್ತು ಪಾಲ್ ಗವರ್ ಎಂಬ ಸಹೋದರರು 2001ರ ಜನವರಿಯಲ್ಲಿ ಇದನ್ನು ಬೆಳಕಿಗೆ ತಂದರು. ಕೇಂಬ್ರಿಜ್ ಪಟ್ಟಣದ ಜ್ಯಾಗೆಕ್ಸ್ ಎಂಬ ಸಂಸ್ಥೆ ಅದನ್ನು ನಡೆಸಿಕೊಂಡು ಬಂದಿದೆ. ಈ ಆಟಕ್ಕೆ ಬೆಲೆಬಾಳುವ ಯಂತ್ರ ಬೇಕಾಗಿರಲಿಲ್ಲ. ಒಂದು ಭಾಗವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಆಡಬಹುದಾಗಿತ್ತು, ಉಳಿದ ಭಾಗಕ್ಕೆ ಚಂದಾ ಕೊಡಬೇಕು. ಆದುದರಿಂದ ಶಾಲೆಯ ಹುಡುಗರಿಂದ ಹಿಡಿದು ಕೆಲಸವಿಲ್ಲದ ಯುವಕರವರೆಗೆ ಎಲ್ಲ ಬಗೆಯವರೂ ಬಂದು ಸೇರಿದರು. 2007ರಲ್ಲಿದ್ದ ರೂಪವೇ ಚೆನ್ನಾಗಿತ್ತೆಂದು ಹಳೆಯ ಆಟಗಾರರು ಹಂಬಲಿಸಿದ್ದರಿಂದ, 2013ರಲ್ಲಿ ಅವರ ಮತವನ್ನು ಪಡೆದು ಆ ಹಳೆಯ ರೂಪವನ್ನೂ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಹೆಸರಿನಲ್ಲಿ ಮತ್ತೆ ನಡೆಸತೊಡಗಿದರು.

ಹೊಸದಾಗಿ ಬಂದವನಿಗೆ ಅಲ್ಲಿ ಸಿಕ್ಕುವುದು ಒಂದು ಕಂಚಿನ ಕೊಡಲಿ, ಒಂದು ಸಣ್ಣ ಬಲೆ, ಇಂಥವೇ ಕೆಲವು ಸಾಮಾನು. ಮೊದಲು ಅವನು ಸಿಗಡಿ ಹಿಡಿಯುತ್ತಾನೆ. ಹಿಡಿದಂತೆಲ್ಲ ಕಸುಬು ಕೈಗೆ ಹತ್ತುತ್ತದೆ. ಅದಕ್ಕೆ ಮೆಟ್ಟಿಲುಗಳ ಲೆಕ್ಕವುಂಟು. ನಲವತ್ತನೆಯ ಮೆಟ್ಟಿಲಿಗೆ ಏರಿದವನು ಲಾಬ್‌ಸ್ಟರ್ ಎಂಬ ದೊಡ್ಡ ಕಡಲಜೀವಿಯನ್ನು ಹಿಡಿಯಬಲ್ಲ. ಅದು ಸಿಕ್ಕುವ ಒಂದು ಹೆಸರಾದ ಜಾಗ ಕರಾಮ್ಜ ಎಂಬ ದ್ವೀಪ. ಅಲ್ಲಿಗೆ ಹಡಗಿನಲ್ಲಿ ಹೋಗಲು 30 ನಾಣ್ಯ, ಮರಳಿ ಬರಲು 30 ನಾಣ್ಯ. ಆಟಗಾರನ ಚೀಲದಲ್ಲಿ ಇರುವುದು 28 ಮನೆ. ಒಂದರಲ್ಲಿ ಹಿಡಿಯುವ ಬುಟ್ಟಿ, ಒಂದರಲ್ಲಿ ಹಡಗಿನ ಬಾಡಿಗೆಯ ನಾಣ್ಯ, ಉಳಿದುದು 26. ಅಂದರೆ 26 ಲಾಬ್‌ಸ್ಟರ್ ತರುವುದಕ್ಕೆ 60 ನಾಣ್ಯದ ಖರ್ಚು. ಬೇಯಿಸಿ ಮಾರುತ್ತೇನೆಂದರೆ, ಕೈ ಪಳಗದವನ ಒಲೆಯಲ್ಲಿ ಕೆಲವು ಸೀದುಹೋಗುತ್ತವೆ. ಕೊಳ್ಳುವವರು ಯಾರು? ಕಾಳಗಕ್ಕೆ ಹೋಗುವ ಯೋಧರು. ಗಾಯಗೊಂಡವನಿಗೆ ಈ ಆಹಾರ ತಿಂದರೆ ಶಕ್ತಿ ಮರಳುತ್ತದೆ. ಯೋಧನಿಗೆ ಮೀನು ಹಿಡಿಯುತ್ತ ಕೂರುವ ತಾಳ್ಮೆಯಿಲ್ಲ. ಬೆಸ್ತನಿಗೆ ಕಾಳಗದ ಬಲವಿಲ್ಲ. ಹೀಗೆ ಒಬ್ಬನ ಕೊರತೆ ಇನ್ನೊಬ್ಬನ ವ್ಯಾಪಾರವಾಗುತ್ತದೆ. ಆಡಂ ಸ್ಮಿತ್ ಎಂಬ ಹೆಸರನ್ನೇ ಕೇಳದ ಹನ್ನೆರಡು ವರ್ಷದ ಹುಡುಗ ಶ್ರಮವಿಭಜನೆಯ ಪಾಠವನ್ನು ಕರಾಮ್ಜದ ಕಟ್ಟೆಯ ಮೇಲೆ ಕಲಿತುಬಿಡುತ್ತಾನೆ.

ಸ್ವಲ್ಪ ದಿನ ಕಳೆದಮೇಲೆ ಈ ಆಟಗಾರನ ಬಾಯಲ್ಲಿ ಒಂದು ಹೊಸ ಮಾತು ಕೇಳಿಬರುತ್ತದೆ: ‘ಗಂಟೆಗೆ ಎಷ್ಟು?’ ಸಿಗಡಿ ಹಿಡಿದರೆ ಗಂಟೆಗೆ ಎಷ್ಟು ನಾಣ್ಯ, ಕಲ್ಲಿದ್ದಲು ತೋಡಿದರೆ ಎಷ್ಟು, ಮರ ಕಡಿದರೆ ಎಷ್ಟು ಎಂದು ಅವನು ಎಲ್ಲವನ್ನೂ ಈ ಒಂದೇ ಸೇರಿನಲ್ಲಿ ಅಳೆಯತೊಡಗುತ್ತಾನೆ. ಅನುಭವಸ್ಥರು ಇದಕ್ಕೆ ಪಟ್ಟಿಗಳನ್ನೇ ಮಾಡಿಟ್ಟಿರುತ್ತಾರೆ. ನಾಣ್ಯ ಕಲ್ಪಿತವಾದುದು, ಮೀನು ಕಲ್ಪಿತವಾದುದು, ಕಡಲು ಕಲ್ಪಿತವಾದುದು. ಆದರೆ ಆ ಗಂಟೆ ಮಾತ್ರ ನಿಜವಾದ ಗಂಟೆ. ಗೋಡೆಯ ಮೇಲಿನ ಗಡಿಯಾರದಲ್ಲಿ ಕಳೆದುಹೋಗುವ ಗಂಟೆ. ಈ ಮಾತನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಬೆಸ್ತನು ಯೋಧನಿಗೆ ಮೀನು ಮಾರಿದಾಗ ನಾಣ್ಯ ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹೋಯಿತೇ ಹೊರತು ಹೊಸದಾಗಿ ಹುಟ್ಟಲಿಲ್ಲ. ಹಾಗಾದರೆ ನಾಣ್ಯ ಹುಟ್ಟುವುದೆಲ್ಲಿ? ಒಂದು ಉದಾಹರಣೆ ನೋಡೋಣ. ಆ ದೇಶದ ಒಂದು ಹಳ್ಳಿಯ ಪಕ್ಕದಲ್ಲಿ ಅಗಸೆಯ ಹೊಲವುಂಟು. ಬಡ ಆಟಗಾರರು ಅಲ್ಲಿ ಅಗಸೆಯನ್ನು ಕಿತ್ತು ತರುತ್ತಾರೆ. ಇನ್ನೊಬ್ಬನು ಅದನ್ನು ರಾಟೆಯಲ್ಲಿ ನೂತು ಬಿಲ್ಲಿನ ಹೆದೆ ಮಾಡುತ್ತಾನೆ. ಮತ್ತೊಬ್ಬನು ಯೂ ಎಂಬ ಮರವನ್ನು ಕಡಿದು ಬಿಲ್ಲು ಕೆತ್ತಿ ಹೆದೆ ಬಿಗಿಯುತ್ತಾನೆ. ಬಿಲ್ಲು ಸಿದ್ಧವಾಯಿತು, ಆದರೆ ಇಂಥ ಬಿಲ್ಲುಗಳಲ್ಲಿ ಬಹುಪಾಲು ಯಾವ ಯೋಧನ ಹೆಗಲನ್ನೂ ಏರುವುದಿಲ್ಲ. ಅವು ಮಾಂತ್ರಿಕನ ಕೈಗೆ ಹೋಗುತ್ತವೆ. ಮಂತ್ರವಿದ್ಯೆಯಲ್ಲಿ 55ನೆಯ ಮೆಟ್ಟಿಲು ಹತ್ತಿದವನಿಗೆ ಒಂದು ರಸವಿದ್ಯೆ ಒಲಿಯುತ್ತದೆ. ತಕ್ಕ ಮಂತ್ರಶಿಲೆಗಳನ್ನು ವ್ಯಯಮಾಡಿ ಮಂತ್ರ ಹಾಕಿದರೆ, ಯಾವ ವಸ್ತುವಾದರೂ ಅದಕ್ಕೆ ಆಟದಲ್ಲಿ ಗೊತ್ತುಮಾಡಿರುವ ಮೌಲ್ಯದ ನೂರಕ್ಕೆ 60ರಷ್ಟು ನಾಣ್ಯವಾಗಿ ಮಾರ್ಪಡುತ್ತದೆ. ಯೂ ಮರದ ಉದ್ದಬಿಲ್ಲಿನ ಮೌಲ್ಯ 1280. ಮಂತ್ರ ಹಾಕಿದೊಡನೆ ಬಿಲ್ಲು ಮಾಯವಾಗಿ 768 ನಾಣ್ಯ ಚೀಲಕ್ಕೆ ಬೀಳುತ್ತದೆ.

ಈ 768 ನಾಣ್ಯ ಯಾರ ಕಿಸೆಯಿಂದಲೂ ಬಂದುದಲ್ಲ. ಆಗತಾನೆ ಹುಟ್ಟಿದುದು. ರಾಕ್ಷಸರನ್ನು ಕೊಂದಾಗ ನೆಲದ ಮೇಲೆ ಉದುರುವ ನಾಣ್ಯವೂ ಹಾಗೆಯೇ. ನಮ್ಮ ನಿಮ್ಮ ಲೋಕದಲ್ಲಿ ನೋಟು ಅಚ್ಚುಹಾಕುವ ಅಧಿಕಾರ ಸರ್ಕಾರಕ್ಕೂ ರಿಸರ್ವ್ ಬ್ಯಾಂಕಿಗೂ ಸೇರಿದ್ದು. ಆಟದ ಲೋಕದಲ್ಲಿ ಮಾತ್ರ ಪ್ರತಿಯೊಬ್ಬ ಮಾಂತ್ರಿಕನ ಅಂಗೈಯೂ ಒಂದು ಟಂಕಸಾಲೆ. ಲಕ್ಷಾಂತರ ಜನ ಹಗಲಿರುಳು ನಾಣ್ಯ ಹುಟ್ಟಿಸುತ್ತ ಕುಳಿತರೆ ಏನಾಗುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ಸಂತೆಯಲ್ಲಿ ಸರಕು ಅಷ್ಟೇ ಇದ್ದು ಹಣ ಹೆಚ್ಚಿದರೆ ಬೆಲೆ ಏರಲೇಬೇಕು.

ಇದಕ್ಕೆ ತಮಾಷೆಯಾದ ಒಂದು ನಿದರ್ಶನವಿದೆ. 2001ರ ಕ್ರಿಸ್ಮಸ್ ಹಬ್ಬಕ್ಕೆ ರೂನ್‌ಸ್ಕೇಪ್ ನಡೆಸುವವರು ಬಣ್ಣದ ಕಾಗದದ ಟೊಪ್ಪಿಗೆಗಳನ್ನು ಬಿಟ್ಟಿಯಾಗಿ ಹಂಚಿದರು. ಹಬ್ಬ ಮುಗಿದೊಡನೆ ಎಸೆಯುವಂಥ ಟೊಪ್ಪಿಗೆ. ತಲೆಗೆ ರಕ್ಷೆಯಿಲ್ಲ, ಕಾಳಗದಲ್ಲಿ ಪ್ರಯೋಜನವಿಲ್ಲ. ಮತ್ತೆ ಅದನ್ನು ಹಂಚಲಿಲ್ಲ. ಕೆಲವರು ಎಸೆದರು, ಕೆಲವರು ಆಟ ಬಿಟ್ಟರು, ಉಳಿದ ಟೊಪ್ಪಿಗೆಗಳು ಅಪರೂಪವಾದುವು. ಈ ಆಟದಲ್ಲಿ ಒಂದು ರಾಶಿಯಲ್ಲಿ ಇಡಬಹುದಾದ ನಾಣ್ಯದ ಮಿತಿ 2,147,483,647. ಯಂತ್ರದ ಲೆಕ್ಕದ ಮನೆ ಅಷ್ಟಕ್ಕೇ ತುಂಬಿಹೋಗುತ್ತದೆ. ಆ ಕಾಗದದ ಟೊಪ್ಪಿಗೆಯ ಬೆಲೆ ಏರುತ್ತ ಏರುತ್ತ ಈ ಮಿತಿಯನ್ನೂ ದಾಟಿತು! ಇನ್ನೂರು ಕೋಟಿ ನಾಣ್ಯವನ್ನು ಮೀರಿದ ಕಾಗದದ ಟೊಪ್ಪಿಗೆಯನ್ನು ಕಂಡಮೇಲೆ, ಬೆಲೆಯೆಂಬುದು ಉಪಯೋಗದಿಂದ ಮಾತ್ರ ಬರುವುದಿಲ್ಲ, ಅಭಾವದಿಂದಲೂ ಬರುತ್ತದೆ ಎಂಬುದನ್ನು ಹುಡುಗರಿಗೆ ಬೇರೆಯಾಗಿ ಕಲಿಸಬೇಕಾಗಿಲ್ಲ.

ಹಣ ಹುಟ್ಟುವ ದಾರಿಯಿದ್ದಂತೆ ಸಾಯುವ ದಾರಿಯೂ ಇರಬೇಕು. ಕೆರೆಗೆ ತೂಬಿಲ್ಲದಿದ್ದರೆ ಏರಿ ಒಡೆಯುತ್ತದೆ. ಇದನ್ನು ಆಟ ಕಟ್ಟಿದವರು ಪೆಟ್ಟು ತಿಂದೇ ಕಲಿತರು. 1997ರಲ್ಲಿ ಅಮೆರಿಕದಲ್ಲಿ ಹೊರಬಂದ ಅಲ್ಟಿಮಾ ಆನ್‌ಲೈನ್ ಎಂಬ ಆಟದಲ್ಲಿ, ಇಡೀ ದೇಶದ ಸಂಪತ್ತು ಒಂದು ಗೊತ್ತಾದ ಮೊತ್ತವಾಗಿರಬೇಕು, ಬಳಸಿದ್ದು ಸುತ್ತಿ ಮತ್ತೆ ಭೂಮಿಗೆ ಸೇರಬೇಕು ಎಂದು ಯೋಜಿಸಿದ್ದರು. ಕಾಗದದ ಮೇಲೆ ಯೋಜನೆ ಸೊಗಸಾಗಿತ್ತು. ಆಟಗಾರರು ಮಾತ್ರ ಕೈಗೆ ಸಿಕ್ಕಿದ್ದನ್ನೆಲ್ಲ ಪೆಟ್ಟಿಗೆಯಲ್ಲಿ ಕೂಡಿಹಾಕಿದರು. ಸುತ್ತಿ ಬರಬೇಕಾದುದು ಬರಲೇ ಇಲ್ಲ, ಹೊಸಬರಿಗೆ ಏನೂ ಉಳಿಯದೆ ಹೋಯಿತು. ಕೊನೆಗೆ ಆ ಕಟ್ಟನ್ನು ಬಿಚ್ಚಬೇಕಾಯಿತು. ಬಿಚ್ಚಿದಾಗ ಹಣದ ಹೊಳೆ ಹರಿದು ನಾಣ್ಯದ ಬೆಲೆ ಕುಸಿಯಿತು. ಆಮೇಲೆ ಬಂದ ಆಟಗಳೆಲ್ಲ ತೂಬುಗಳನ್ನು ಎಚ್ಚರದಿಂದ ಇಟ್ಟುಕೊಂಡಿವೆ. ಸವೆದ ಕವಚದ ದುರಸ್ತಿಗೆ ಹಣ, ಪ್ರಯಾಣಕ್ಕೆ ಹಣ. ರೂನ್‌ಸ್ಕೇಪಿನಲ್ಲಿ 2006ರಿಂದ ಆಟಗಾರರು ಸ್ವಂತ ಮನೆ ಕಟ್ಟಿಸಬಹುದು. ಮರ ಕೊಯ್ಯುವ ಕಾರ್ಖಾನೆಗೆ ಕೂಲಿ, ಮನೆಯ ಆಳಿಗೆ ಸಂಬಳ ಎಂದು ಶ್ರೀಮಂತರ ನಾಣ್ಯ ಅದರಲ್ಲಿ ಕರಗುತ್ತದೆ. ಮನೆ ಕಟ್ಟಿ ನೋಡು ಎಂಬ ಗಾದೆ ಅಲ್ಲಿಗೂ ಸಲ್ಲುತ್ತದೆ! ಆಟದ ದೊಡ್ಡ ಮಾರುಕಟ್ಟೆಯಲ್ಲಿ ಆಗುವ ಮಾರಾಟದ ಮೇಲೆ 2021ರ ಡಿಸೆಂಬರಿನಲ್ಲಿ, ಹಳೆಯ ರೂಪದ ಆಟದಲ್ಲಿ, ನೂರಕ್ಕೆ 1ರಂತೆ ತೆರಿಗೆಯೂ ಬಂತು. 2025ರಲ್ಲಿ ಅದನ್ನು 2ಕ್ಕೆ ಏರಿಸಿದರು. ತೆರಿಗೆ ಬಂದಾಗ ಅಲ್ಲಿಯ ಪ್ರಜೆಗಳು ಗೊಣಗಿದ ಬಗೆಯೂ ನಮ್ಮ ಬಗೆಯೇ.

ಇಷ್ಟರವರೆಗೆ ಹೇಳಿದ್ದು ಆಟದ ಒಳಗಿನ ಮಾತು. ಇನ್ನು ಹೊಸ್ತಿಲು ದಾಟೋಣ. ಆಟದ ನಾಣ್ಯಕ್ಕೆ ಹೊರಗಿನ ಹಣದಲ್ಲಿ ಬೆಲೆಯುಂಟೆ? ಎಡ್ವರ್ಡ್ ಕ್ಯಾಸ್ಟ್ರೊನೋವಾ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 2001ರಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡರು. ಅವರು ಪರೀಕ್ಷಿಸಿದ ಆಟ 1999ರಲ್ಲಿ ಆರಂಭವಾದ ಎವರ್‌ಕ್ವೆಸ್ಟ್. ಅದರ ಆಟಗಾರರು ನಾಣ್ಯಗಳನ್ನೂ ಆಯುಧಗಳನ್ನೂ ಹರಾಜಿನಲ್ಲಿ ಡಾಲರುಗಳಿಗೆ ಮಾರುತ್ತಿದ್ದರು. ಆ ಹರಾಜಿನ ಬೆಲೆಗಳನ್ನು ಕಲೆಹಾಕಿ ಲೆಕ್ಕ ಕಟ್ಟಿದಾಗ, ಆಟದ ಒಂದು ಪ್ಲಾಟಿನಂ ನಾಣ್ಯ ಡಾಲರಿನ ನೂರರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಬಾಳುತ್ತಿತ್ತು. ಆಗಿನ ಜಪಾನಿನ ಯೆನ್ನಿಗಿಂತಲೂ ಇಟಲಿಯ ಲೀರಾಕ್ಕಿಂತಲೂ ಅದರ ತೂಕ ಹೆಚ್ಚು. ಆಟಗಾರನೊಬ್ಬನು ಗಂಟೆಯೊಂದರಲ್ಲಿ ಹುಟ್ಟಿಸುವ ಸಂಪತ್ತು ಸುಮಾರು 3 ಡಾಲರು 42 ಸೆಂಟು. ತಲೆಗೊಂದರಂತೆ ಆ ಕಲ್ಪಿತ ದೇಶದ ಉತ್ಪನ್ನವನ್ನು ಲೆಕ್ಕಹಾಕಿದರೆ ಅದು ರಷ್ಯಕ್ಕೂ ಬಲ್ಗೇರಿಯಕ್ಕೂ ನಡುವೆ ನಿಲ್ಲುತ್ತಿತ್ತು. ಭೂಪಟದಲ್ಲಿಲ್ಲದ ದೇಶ ದೇಶಗಳ ಪಟ್ಟಿಯಲ್ಲಿ ಸ್ಥಾನ ಗಿಟ್ಟಿಸಿತು.

ಈ ಲೆಕ್ಕದಲ್ಲಿ ನಾವು ಗಮನಿಸಬೇಕಾದುದು ಆ ಗಂಟೆಯ ಸಂಪಾದನೆ. ಅಮೆರಿಕದ ಗುಮಾಸ್ತನಿಗೆ ಗಂಟೆಗೆ ಮೂರು ಡಾಲರೆಂದರೆ ಅತ್ಯಲ್ಪ. ಸಂಜೆ ಕೆಲಸದಿಂದ ಮರಳಿದ ಅವನಿಗೆ ನಾಣ್ಯ ಬೇಕು, ಅದನ್ನು ಸಂಪಾದಿಸುವ ಬೇಸರ ಬೇಡ. ಬಡ ದೇಶದ ಯುವಕನಿಗೆ ಅದರ ಹತ್ತರಲ್ಲೊಂದು ಭಾಗವಾದರೂ ಕೂಲಿಯೇ. ಇಬ್ಬರ ಗಂಟೆಗಳಿಗೂ ಅರವತ್ತೇ ನಿಮಿಷ. ಬೆಲೆ ಮಾತ್ರ ಬೇರೆ. ಬೆಲೆಯಲ್ಲಿ ಅಂತರವಿರುವ ಕಡೆ ವ್ಯಾಪಾರಿ ಬಂದೇ ಬರುತ್ತಾನೆ. ಆಟದ ಹೊನ್ನನ್ನು ಬೇಸಾಯದಂತೆ ಬೆಳೆದು ಮಾರುವ ಹೊಸ ಕಸುಬು ಹೀಗೆ ಹುಟ್ಟಿತು.

ಚೀನ ದೇಶದಲ್ಲಿ ಇದು ಕಾರ್ಖಾನೆಯ ರೂಪ ತಾಳಿತು. ಜೂಲಿಯನ್ ಡಿಬೆಲ್ ಎಂಬ ಅಮೆರಿಕದ ಲೇಖಕರು 2007ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ಸಂಚಿಕೆಗಾಗಿ ನಾನ್‌ಜಿಂಗ್ ನಗರದ ಇಂಥ ಒಂದು ಸ್ಥಳವನ್ನು ಕಂಡು ಬಂದು ವರದಿ ಬರೆದರು. ಅಲ್ಲಿ ಕೆಲಸಗಾರನು ರಾತ್ರಿ 12 ಗಂಟೆಗಳ ಕಾಲ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟದಲ್ಲಿ ಅದೇ ಶತ್ರುಗಳನ್ನು ಮತ್ತೆ ಮತ್ತೆ ಕೊಂದು ನಾಣ್ಯ ಕೂಡಿಸುತ್ತಿದ್ದ. ನೂರು ನಾಣ್ಯಕ್ಕೆ ಅವನಿಗೆ ಸಿಕ್ಕುತ್ತಿದ್ದುದು ಸುಮಾರು ಒಂದೂಕಾಲು ಡಾಲರು. ಗಂಟೆಯ ಲೆಕ್ಕದಲ್ಲಿ 30 ಸೆಂಟು. ಅವನ ಯಜಮಾನನು ಅದೇ ನೂರು ನಾಣ್ಯವನ್ನು 3 ಡಾಲರಿಗೋ ಇನ್ನೂ ಸ್ವಲ್ಪ ಹೆಚ್ಚಿಗೋ ವರ್ತಕನಿಗೆ ಮಾರುತ್ತಿದ್ದ. ವರ್ತಕನು ಅಮೆರಿಕ, ಯೂರೋಪುಗಳ ಆಟಗಾರನಿಂದ ಅದಕ್ಕೆ 20 ಡಾಲರುಗಳವರೆಗೆ ವಸೂಲು ಮಾಡುತ್ತಿದ್ದ. ಬೆಳೆದವನಿಗೆ ಒಂದೂಕಾಲು, ಮಾರಿದವನಿಗೆ ಇಪ್ಪತ್ತು. ತರಕಾರಿ ಬೆಳೆದು ಮಂಡಿಗೆ ಹಾಕುವ ನಮ್ಮ ರೈತನಿಗೆ ಈ ಲೆಕ್ಕ ಹೊಸದೇನೂ ಅಲ್ಲ. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ರಿಚರ್ಡ್ ಹೀಕ್ಸ್ ಅವರು 2008ರಲ್ಲಿ ಮಾಡಿದ ಅಂದಾಜಿನಂತೆ ಲೋಕದಲ್ಲಿ ಸುಮಾರು 4 ಲಕ್ಷ ಜನ ಈ ಕಸುಬಿನಲ್ಲಿದ್ದರು, ಬಹುಪಾಲು ಚೀನದವರು.

ಆಟ ನಡೆಸುವವರು ಇದನ್ನು ಒಪ್ಪಲಿಲ್ಲ. ಹಣ ಕೊಟ್ಟು ನಾಣ್ಯ ಕೊಂಡವನು ದುಡಿದು ಸಂಪಾದಿಸಿದವನ ಶ್ರಮವನ್ನು ಹಾಸ್ಯಮಾಡಿದಂತಾಗುತ್ತದೆ ಎಂಬುದು ಒಂದು ವಾದ. ಹೊನ್ನು ಮಾರುವವರು ಕದ್ದ ಬ್ಯಾಂಕ್ ಕಾರ್ಡುಗಳಿಂದ ಚಂದಾ ಕಟ್ಟಿ ಒಳನುಗ್ಗುತ್ತಾರೆ, ಆಮೇಲೆ ಆ ಹಣ ಕೈಬಿಟ್ಟುಹೋಗುತ್ತದೆ ಎಂಬುದು ರೂನ್‌ಸ್ಕೇಪ್ ಸಂಸ್ಥೆಯ ಇನ್ನೊಂದು ದೂರು. ಅವರು 2007ರ ನವೆಂಬರಿನಲ್ಲಿ ಗ್ರ್ಯಾಂಡ್ ಎಕ್ಸ್‌ಚೇಂಜ್ ಎಂಬ ದೊಡ್ಡ ಮಾರುಕಟ್ಟೆಯನ್ನು ತೆರೆದರು. ಅದುವರೆಗೆ ಬ್ಯಾಂಕಿನ ಮುಂದೆ ನಿಂತು ಸರಕಿನ ಹೆಸರು ಕೂಗಬೇಕಾಗಿದ್ದ ಆಟಗಾರರು, ಈಗ ಬೆಲೆ ಬರೆದಿಟ್ಟು ಹೋದರೆ ಸಾಕು, ಕೊಳ್ಳುವವನು ತಾನಾಗಿ ಸಿಕ್ಕುತ್ತಿದ್ದ. ಇದು ಅನುಕೂಲವೇ. ಆದರೆ ಅದರ ಬೆನ್ನಿಗೇ, ಡಿಸೆಂಬರು ಜನವರಿಗಳಲ್ಲಿ, ಕಠಿಣವಾದ ಕಟ್ಟಳೆಗಳು ಬಂದುವು. ಇಬ್ಬರ ನಡುವಣ ವಿನಿಮಯದಲ್ಲಿ ಬೆಲೆಯ ಅಂತರ ಹೆಚ್ಚಿರಕೂಡದು. ಅಡವಿ ಸೀಮೆಯಲ್ಲಿ ಒಬ್ಬರನ್ನೊಬ್ಬರು ಗೆದ್ದು ಸರಕು ಪಡೆಯಕೂಡದು. ಹೊನ್ನು ಮಾರುವವರ ದಾರಿ ಬಹುಮಟ್ಟಿಗೆ ಕಟ್ಟಿತು. ಅದರ ಜೊತೆಗೆ ಗೆಳೆಯನಿಗೆ ಒಂದು ಕತ್ತಿ ಉಡುಗೊರೆ ಕೊಡುವ ದಾರಿಯೂ, ತಮ್ಮನಿಗೆ ಹತ್ತು ಸಾವಿರ ನಾಣ್ಯ ಕೈಗಡ ಕೊಡುವ ದಾರಿಯೂ ಕಟ್ಟಿದುವು. ಇಲಿಗಾಗಿ ಕಣಜವನ್ನೇ ಮುಚ್ಚಿದಂತಾಯಿತು. ಆಟಗಾರರು ಪ್ರತಿಭಟಿಸಿದರು, ಹಲವರು ಬಿಟ್ಟು ಹೋದರು. ಮೂರು ವರ್ಷಗಳ ಮೇಲೆ ಸಂಸ್ಥೆಯೇ ಮತ ಕೇಳಿತು. ಹನ್ನೆರಡು ಲಕ್ಷಕ್ಕೂ ಮೀರಿ ಮತಗಳು ಬಿದ್ದು, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಹಳೆಯ ಸ್ವಾತಂತ್ರ್ಯವನ್ನೇ ಬಯಸಿದರು. 2011ರ ಫೆಬ್ರವರಿ 1ರಂದು ಅದು ಮರಳಿ ಬಂತು. ಕೊಡು ಕೊಳ್ಳುವ ಸ್ವಾತಂತ್ರ್ಯವಿಲ್ಲದ ಕಡೆ ಹಣಕ್ಕೂ ಅರ್ಥವಿಲ್ಲ, ಸ್ನೇಹಕ್ಕೂ ಇಂಬಿಲ್ಲ ಎಂಬುದನ್ನು ಆ ಮೂರು ವರ್ಷಗಳು ತೋರಿಸಿಕೊಟ್ಟುವು. 2013ರಲ್ಲಿ ಸಂಸ್ಥೆ ತಾನೇ ಒಂದು ಕಾನೂನುಬದ್ಧವಾದ ದಾರಿಯನ್ನು ತೆರೆಯಿತು. ಹಣವಿದ್ದವನು ಸಂಸ್ಥೆಯಿಂದ ಬಾಂಡು ಕೊಂಡು ಆಟದ ನಾಣ್ಯಕ್ಕೆ ಮಾರಬಹುದು; ಸಮಯವಿದ್ದವನು ನಾಣ್ಯ ದುಡಿದು ಆ ಬಾಂಡು ಕೊಂಡು ತನ್ನ ಚಂದಾವನ್ನು ಸಲ್ಲಿಸಬಹುದು.

ಈ ಎಲ್ಲ ಕಥೆಯಲ್ಲಿ ಮನಸ್ಸನ್ನು ಹೆಚ್ಚಾಗಿ ಕಲಕುವ ಅಧ್ಯಾಯ ವೆನೆಜುವೆಲಾ ದೇಶದ್ದು. ಆ ದೇಶದ ಹಣವಾದ ಬೊಲಿವರ್ ಕುಸಿದುಬಿದ್ದ ಸಮಾಚಾರವನ್ನು ನೀವು ಕೇಳಿರಬಹುದು. ಅಲ್ಲಿಯ ಕೇಂದ್ರ ಬ್ಯಾಂಕೇ 2019ರಲ್ಲಿ ಪ್ರಕಟಿಸಿದ ಅಂಕಿಯಂತೆ, 2018ರ ಒಂದೇ ವರ್ಷದಲ್ಲಿ ಬೆಲೆಗಳು ನೂರಕ್ಕೆ 1,30,000ಕ್ಕೂ ಮೀರಿ ಏರಿದ್ದುವು. ತಿಂಗಳ ಸಂಬಳ ಕೆಲವೇ ಡಾಲರುಗಳಿಗೆ ಇಳಿದಿತ್ತು. ಅಂಥ ಹೊತ್ತಿನಲ್ಲಿ, ಸುಮಾರು 2017ರಿಂದ, ಅಲ್ಲಿಯ ಅನೇಕ ಯುವಕರು ಓಲ್ಡ್ ಸ್ಕೂಲ್ ರೂನ್‌ಸ್ಕೇಪಿಗೆ ಇಳಿದರು. ಅಡವಿ ಸೀಮೆಯಲ್ಲಿ ಬೆಂಕಿಯುಗುಳುವ ಹಸಿರು ಡ್ರ್ಯಾಗನ್‌ಗಳನ್ನು ಕೊಲ್ಲುವುದು, ಮೂಳೆಯನ್ನೂ ತೊಗಲನ್ನೂ ಮಾರುಕಟ್ಟೆಗೆ ಹಾಕುವುದು, ಬಂದ ನಾಣ್ಯವನ್ನು ಹೊರಗಿನವರಿಗೆ ಡಾಲರಿಗೆ ಮಾರುವುದು; ಇದು ಅವರ ನಿತ್ಯದ ಕಾಯಕವಾಯಿತು. ಊರಿನ ಕೆಲಸಕ್ಕಿಂತ ಇದರಲ್ಲಿ ಹೆಚ್ಚು ಗಿಟ್ಟುತ್ತಿತ್ತು. ಸ್ವಂತ ದೇಶದ ನೋಟಿನಲ್ಲಿ ನಂಬಿಕೆ ಕಳೆದುಕೊಂಡ ಜನಕ್ಕೆ ಆಟದ ನಾಣ್ಯ ಹೆಚ್ಚು ಗಟ್ಟಿಯಾಗಿ ಕಂಡಿತು ಎಂಬುದನ್ನು ಯೋಚಿಸಿ ನೋಡಿ. ಆಟ ಕಟ್ಟಿದವರು ತೂಬನ್ನು ಮರೆತಿರಲಿಲ್ಲ. ದೇಶ ಆಳಿದವರು ಮರೆತಿದ್ದರು.

ಅವರ ಪಾಡು ಸುಲಭವಾಗಿರಲಿಲ್ಲ. ನಿಯಮದ ಪ್ರಕಾರ ಹೊರಗೆ ನಾಣ್ಯ ಮಾರುವುದು ತಪ್ಪು. ಸಿಕ್ಕಿಬಿದ್ದರೆ ತಿಂಗಳುಗಟ್ಟಲೆ ಬೆಳೆಸಿದ ಪಾತ್ರವೇ ರದ್ದು. ಸಾಲದುದಕ್ಕೆ ಅಡವಿ ಸೀಮೆಯಲ್ಲಿ ಆಟಗಾರರು ಆಟಗಾರರನ್ನು ಕೊಲ್ಲಬಹುದು. ಸ್ಪ್ಯಾನಿಷ್ ಮಾತನಾಡುವವರನ್ನು ಗುರುತಿಸಿ, ಅಟ್ಟಿಸಿಕೊಂಡು ಹೋಗಿ ಕೊಲ್ಲುವುದನ್ನೇ ಕೆಲವರು ವಿನೋದ ಮಾಡಿಕೊಂಡರು. ಹಾಗೆ ಕೊಲ್ಲುವುದಕ್ಕೆ ಉಪಾಯಗಳನ್ನು ಹೇಳಿಕೊಡುವ ಬರಹವೂ 2017ರಲ್ಲಿ ಹರಿದಾಡಿತು. ಇವರು ನಿಯಮ ಮುರಿದು ಆಟವನ್ನು ಕೆಡಿಸುತ್ತಿದ್ದಾರೆಂಬ ಕೋಪ ಅವರದು. ಆ ಕೋಪದಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ. ಆದರೆ ಒಬ್ಬನಿಗೆ ಅದು ಸಂಜೆಯ ವಿನೋದ, ಇನ್ನೊಬ್ಬನಿಗೆ ರಾತ್ರಿಯ ಊಟ. ಪರದೆಯ ಮೇಲೆ ಇಬ್ಬರ ವೇಷವೂ ಒಂದೇ ಆಗಿ ಕಾಣುತ್ತದೆ. ವೇಷದ ಹಿಂದಿರುವವನ ಹಸಿವು ಕಾಣುವುದಿಲ್ಲ.

ಇದರಿಂದ ಬೇರೆಯಾದ ಇನ್ನೊಂದು ಬಗೆಯನ್ನೂ ಹೇಳಿ ಮುಗಿಸುತ್ತೇನೆ. ನಮ್ಮ ಯುವಕರಿಗೆ ಇದೇ ಹೆಚ್ಚು ಅಪಾಯಕಾರಿ. ವಿಯೆಟ್ನಾಮಿನ ಸಂಸ್ಥೆಯೊಂದು 2018ರಲ್ಲಿ ಆರಂಭಿಸಿದ ಆಕ್ಸಿ ಇನ್ಫಿನಿಟಿ ಎಂಬ ಆಟ, ‘ಆಡಿ ಸಂಪಾದಿಸಿ’ ಎಂದೇ ಜನರನ್ನು ಕರೆಯಿತು. ಆಗ ಮೊದಲು ಹಣ ಕೊಟ್ಟು ಮೂರು ಚಿತ್ರಪ್ರಾಣಿಗಳನ್ನು ಕೊಳ್ಳಬೇಕಾಗಿತ್ತು. ಅವುಗಳಿಂದ ಕಾಳಗ ಆಡಿಸಿದರೆ ನಾಣ್ಯ ಬರುತ್ತದೆ. ಅದನ್ನು ಬಹಿರಂಗವಾಗಿ ಮಾರಬಹುದು. ಕೊರೋನ ಕಾಲದಲ್ಲಿ ಕೆಲಸ ಕಳೆದುಕೊಂಡ ಫಿಲಿಪೀನ್ಸಿನ ಜನ ಇದಕ್ಕೆ ಮುಗಿಬಿದ್ದರು. ಪ್ರಾಣಿ ಕೊಳ್ಳಲು ಹಣವಿಲ್ಲದವರಿಗೆ ಹಣವಂತರು ಪ್ರಾಣಿಗಳನ್ನು ಗೇಣಿಗೆ ಕೊಟ್ಟು ಪಾಲು ಪಡೆದರು. 2021ರ ಮಧ್ಯದಲ್ಲಿ ಆ ಆಟದ ಒಂದು ನಾಣ್ಯ 30 ಸೆಂಟಿಗೂ ಮೇಲೆ ಹೋಗಿತ್ತು. 2022ರ ಮಧ್ಯದ ಹೊತ್ತಿಗೆ ಒಂದು ಸೆಂಟಿಗೂ ಬಾಳದಾಯಿತು. ಕಾರಣ ಸರಳ. ಆ ನಾಣ್ಯದಿಂದ ಆಗುವ ಮುಖ್ಯ ಪ್ರಯೋಜನ ಹೊಸ ಪ್ರಾಣಿಗಳನ್ನು ಹುಟ್ಟಿಸುವುದು. ಹೊಸ ಪ್ರಾಣಿಗಳನ್ನು ಕೊಳ್ಳುವವರು ಹೊಸ ಆಟಗಾರರು. ಅವರು ಬರುವವರೆಗೆ ಹಳಬರಿಗೆ ಸಂಪಾದನೆ. ಬರುವುದು ನಿಂತೊಡನೆ ತೊಟ್ಟಿ ತುಂಬಿತು, ಕುಡಿಯುವವರಿಲ್ಲ. 2022ರ ಮಾರ್ಚಿಯಲ್ಲಿ ಕಳ್ಳರು ಅದರ ಖಜಾನೆಗೇ ಕನ್ನ ಹಾಕಿ ಸುಮಾರು 60 ಕೋಟಿ ಡಾಲರು ಬಾಳುವ ಹಣವನ್ನು ಒಯ್ದರು. ರೂನ್‌ಸ್ಕೇಪಿನ ಬೆಸ್ತನಿಂದ ಮೀನು ಕೊಂಡವನು ಅದನ್ನು ತಿಂದು ಕಾಳಗಕ್ಕೆ ಹೋಗುತ್ತಿದ್ದ. ಇಲ್ಲಿ ಕೊಂಡವರಲ್ಲಿ ಬಹಳ ಮಂದಿ ತಿನ್ನುವುದಕ್ಕಾಗಿ ಕೊಳ್ಳಲಿಲ್ಲ, ಇನ್ನೊಬ್ಬನಿಗೆ ಹೆಚ್ಚು ಬೆಲೆಗೆ ಮಾರುವುದಕ್ಕೆಂದೇ ಕೊಂಡರು. ಎಲ್ಲರೂ ಮಾರುವವರೇ ಆದ ಸಂತೆ ಎಷ್ಟು ದಿನ ನಡೆದೀತು?

ಮನೆಯಲ್ಲಿ ಹುಡುಗನೋ ಹುಡುಗಿಯೋ ಇಂಥ ಆಟದಲ್ಲಿ ಮುಳುಗಿರುವುದನ್ನು ಕಂಡರೆ ಹಿರಿಯರು ಏನು ಮಾಡಬೇಕು? ಗದರಿಸಿ ಯಂತ್ರ ಆರಿಸುವುದಕ್ಕಿಂತ, ಪಕ್ಕದಲ್ಲಿ ಕುಳಿತು ಮೂರು ಪ್ರಶ್ನೆ ಕೇಳುವುದು ಮೇಲು. ಈ ನಾಣ್ಯ ಹುಟ್ಟಿದ್ದು ಎಲ್ಲಿ, ಬತ್ತುವುದು ಎಲ್ಲಿ? ಇದನ್ನು ಕೊಳ್ಳುವವನು ಯಾರು, ಅವನಿಗೆ ಇದರಿಂದ ಏನು ಪ್ರಯೋಜನ? ಇದಕ್ಕಾಗಿ ನೀನು ಕೊಟ್ಟ ಗಂಟೆಗಳು ಎಷ್ಟು? ಮೊದಲನೆಯ ಪ್ರಶ್ನೆಗೆ ಉತ್ತರ ಬಲ್ಲ ಹುಡುಗ ಹಣದುಬ್ಬರವೆಂದರೇನೆಂದು ತಿಳಿದಿದ್ದಾನೆ. ಎರಡನೆಯದನ್ನು ಬಲ್ಲವನು ಆಡಿ ಸಂಪಾದಿಸಿ ಎನ್ನುವ ಜಾಹೀರಾತುಗಳಿಗೆ ಸುಲಭವಾಗಿ ಮೋಸಹೋಗಲಾರ. ಮೂರನೆಯದನ್ನು ಅವನು ಒಂದು ವಾರ ಕಾಗದದ ಮೇಲೆ ಬರೆದಿಟ್ಟರೆ ಸಾಕು. ತನಗೆ ಆಟ ಸಾಕೋ ಇನ್ನೂ ಬೇಕೋ ಎಂಬುದನ್ನು ತಾನೇ ತೀರ್ಮಾನಿಸುತ್ತಾನೆ. ಆಡಿ ಸಂತೋಷಪಟ್ಟ ಗಂಟೆ ನಷ್ಟವಾಯಿತೆಂದು ನಾನು ಹೇಳುವುದಿಲ್ಲ; ಸಂತೋಷವೂ ಒಂದು ಸಂಪಾದನೆಯೇ. ಸಂತೋಷವೂ ಇಲ್ಲದೆ, ಕೂಲಿಯೂ ಇಲ್ಲದೆ, ರಾಶಿ ಬೆಳೆಯಲಿ ಎಂಬ ಒಂದೇ ಹಟಕ್ಕೆ ಕೊಟ್ಟ ಗಂಟೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು.

ದುಡಿಮೆಯೇ ದುಡ್ಡಿನ ತಾಯಿ ಎಂದು ನಮ್ಮವರು ಹೇಳುತ್ತಾರೆ. ಕಲ್ಪಿತ ದೇಶದ ಕಲ್ಪಿತ ನಾಣ್ಯದ ವಿಷಯದಲ್ಲಿಯೂ ಈ ಮಾತು ಸುಳ್ಳಾಗಲಿಲ್ಲ. ಅದರ ಹಿಂದೆ ನಾನ್‌ಜಿಂಗಿನ ರಾತ್ರಿಯ ಪಾಳಿ ಇತ್ತು, ವೆನೆಜುವೆಲಾದ ಬಡಮನೆಯ ಒಲೆ ಇತ್ತು, ಕಾಗದದ ಟೊಪ್ಪಿಗೆಗಾಗಿ ವರ್ಷಗಟ್ಟಲೆ ಕೂಡಿಟ್ಟ ಹುಡುಗರ ಸಂಜೆಗಳಿದ್ದುವು. ಆಟ ನಡೆಸುವ ಸಂಸ್ಥೆ ಬಾಗಿಲು ಮುಚ್ಚಿದ ದಿನ ನಾಣ್ಯದ ರಾಶಿಗಳೆಲ್ಲ ಮಾಯವಾಗಬಹುದು. ಅವುಗಳಿಗಾಗಿ ಕೊಟ್ಟ ಹೊತ್ತು ಯಾರದೋ ಆಯುಸ್ಸಿನಿಂದ ಬಂದುದು; ಅದನ್ನು ಯಾವ ಬ್ಯಾಂಕೂ ಹಿಂದಿರುಗಿಸುವುದಿಲ್ಲ.